ದೊಡ್ಡಮ್ಮನಿಗೆ ಹದಿಮೂರು ಅಕ್ಷರ

ದೊಡ್ಡಮ್ಮನ ಮೈಕನ್ನು ಬಿಸ್ಕೆಟ್ ಡಬ್ಬಿಗೆ ತುರುಕಿ ಬೀರುವಿನ ಮೇಲಿಟ್ಟವರು ಯಾರು ಎಂದು ನಾನು ಕೇಳಿದಾಗ, ರೇಡಿಯೋ ಸಂಘದವರಲ್ಲಿ ಒಬ್ಬರಾದರೂ "ನಾನೇ" ಎಂದಿದ್ದರೆ ನನ್ನ ಸಿಟ್ಟು ಅಲ್ಲಿಗೇ ಇಳಿಯುತ್ತಿತ್ತೋ ಏನೋ. ಎಲ್ಲರೂ ಗೋಡೆ ನೋಡಿದರು. ಸೆಕ್ರೆಟರಿ ಮಾತ್ರ ನಗುನಗುತ್ತಾ, "ಕಂಪ್ಯೂಟರ್ ಇಡೋಕೆ ಜಾಗ ಬೇಕಿತ್ತಲ್ಲಮ್ಮ. ಇನ್ನು ಮೇಡಮ್‌ಗೆ ಆ ಮೈಕ್ ಯಾಕೆ?" ಎಂದರು.

ಯಾಕಂತೆ! ಆ ಮೈಕಿನ ಗುಂಡಿ ದೊಡ್ಡಮ್ಮನ ಹೆಬ್ಬೆರಳಿಗೆ ಸವೆದು ಸವೆದು ಮಧ್ಯದಲ್ಲಿ ಗುಳಿ ಬಿದ್ದಿದೆ. ಬೇರೆ ಯಾರ ಬೆರಳೂ ಅಲ್ಲಿ ಸರಿಯಾಗಿ ಕೂರುವುದಿಲ್ಲ. ನಾನು ಹಲ್ಲಿನ ಸೆಟ್ಟು ಮಾಡುವವಳು. ಒಬ್ಬರ ಬಾಯಿಗೆ ಕೂತದ್ದು ಇನ್ನೊಬ್ಬರ ಬಾಯಿಗೆ ಕೂರುವುದಿಲ್ಲ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುರ್ಚಿ ಹಾಕಿಕೊಂಡು ಹತ್ತಿ, ಡಬ್ಬಿ ಇಳಿಸಿ, ಮೈಕನ್ನು ಒರೆಸಿ ಮತ್ತೆ ಮೇಜಿನ ಮೇಲೆ ಇಟ್ಟೆ. ಸೆಕ್ರೆಟರಿ ಅದನ್ನು ಎರಡು ಬೆರಳಲ್ಲಿ ಹಿಡಿದು ಮೇಜಿನ ಅಂಚಿಗೆ ಸರಿಸಿದರು. ಅಂಚಿನಲ್ಲಿದ್ದರೆ ಫೋಟೋದಲ್ಲಿ ಬರುವುದಿಲ್ಲ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಕೆಳಗಿನ ಕೋಣೆಯಲ್ಲಿ ನನ್ನ ಪ್ಲಾಸ್ಟರು, ಮೇಣ, ಪಾಲಿಶ್ ಮಾಡುವ ಮೋಟಾರು, ಊರವರ ದವಡೆಗಳು. ಮೇಲಿನ ಕೋಣೆಯಲ್ಲಿ ಅವಳ ರೇಡಿಯೋ. ಅದು ಹಾಡು ಕೇಳುವ ರೇಡಿಯೋ ಅಲ್ಲ. ಪರೀಕ್ಷೆ ಬರೆದು, ಲೈಸೆನ್ಸು ಪಡೆದು, ತಾರಸಿಯ ಮೇಲೆ ತಂತಿ ಎಳೆದು, ತನ್ನ ಮನೆಯಿಂದಲೇ ದೂರದೂರದವರ ಜೊತೆ ಮಾತಾಡುವ ಹುಚ್ಚಿನ ರೇಡಿಯೋ. ಆ ಹುಚ್ಚು ಇರುವವರಿಗೆಲ್ಲ ಒಂದು ಸಂಘ, ಸಂಘಕ್ಕೆ ಪ್ರತಿ ಭಾನುವಾರ ಬೆಳಿಗ್ಗೆ ಗಾಳಿಯಲ್ಲೇ ಒಂದು ಸಭೆ. ಆ ಸಭೆಯನ್ನು ನಡೆಸುತ್ತಿದ್ದವಳು ದೊಡ್ಡಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದ ದನಿ ಅದು. ಗದರಿದರೂ ಕೇಳಬೇಕು ಅನ್ನಿಸುವಂಥದ್ದು.

ಸಭೆಯಲ್ಲಿ ಒಬ್ಬೊಬ್ಬರನ್ನೇ ಸರದಿಯಂತೆ ಕರೆಯುತ್ತಿದ್ದಳು. ಕೆಲವರ ಸದ್ದು ಗೊರಗೊರ ಎನ್ನುತ್ತಿತ್ತು, ಕೆಲವರದು ಬಾವಿಯೊಳಗಿಂದ ಬಂದ ಹಾಗೆ. ಹೊಸಬರಾದರೆ ಗುಂಡಿ ಒತ್ತಿ ಹಿಡಿದು ಏನು ಹೇಳಬೇಕೆಂದು ತೋಚದೆ ಉಗುಳು ನುಂಗುವ ಸದ್ದು. ಯಾರೇ ಆಗಲಿ, ದೊಡ್ಡಮ್ಮ ಹೇಳುತ್ತಿದ್ದದ್ದು ಒಂದೇ: "ಅವಸರ ಇಲ್ಲ. ಕಾಯ್ತೀವಿ." ಕೆಳಗೆ ಪ್ಲಾಸ್ಟರು ಕಲಸುತ್ತಾ ನಾನು ಆ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಇದೇ ಸೆಕ್ರೆಟರಿ ಲೈಸೆನ್ಸು ಬಂದ ಹೊಸದರಲ್ಲಿ ತಮ್ಮ ಹೆಸರು ಹೇಳುವುದಕ್ಕೇ ತಡವರಿಸಿದ್ದರಂತೆ. ಇಡೀ ಸಭೆ ಬಾಯಿಮುಚ್ಚಿಕೊಂಡು ಕಾದಿತ್ತಂತೆ. ಸಂಘದ ಹಳಬರಾದ ಡ್ರಾಯಿಂಗ್ ಮೇಷ್ಟ್ರು ಈಗಲೂ ಹೇಳುತ್ತಾರೆ.

ಆಮೇಲೆ ದೊಡ್ಡಮ್ಮನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಡಾಕ್ಟರು ಜೀವ ಉಳಿಸಿದರು, ದನಿ ಉಳಿಸಲಿಲ್ಲ. ಈಗ ಬಾಯಿ ತೆರೆದರೆ ಬರೀ ಗಾಳಿ. ಮನೆಯಲ್ಲಿ ಅವಳ ಮಾತೆಲ್ಲ ಒಂದು ಸ್ಲೇಟು, ಒಂದು ಬಳಪ. ನನ್ನನ್ನು ಕರೆಯಬೇಕಾದರೆ ಮೆಟ್ಟಿಲ ಕಂಬಿಗೆ ಚಮಚದಿಂದ ಬಡಿಯುತ್ತಾಳೆ. ಅದಕ್ಕೆಲ್ಲ ನಾವು ಒಗ್ಗಿಕೊಂಡೆವು.

ಒಗ್ಗಲಾಗದ್ದು ಆ ಒಂದು ಭಾನುವಾರ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಭೆ. ದೊಡ್ಡಮ್ಮನ ಬದಲು ಸೆಕ್ರೆಟರಿ ನಡೆಸುತ್ತಿದ್ದರು. ಎಲ್ಲರ ಸರದಿ ಮುಗಿದು, "ಇನ್ಯಾರಾದ್ರೂ ಇದೀರಾ?" ಎಂದು ಅವರು ಕೇಳಿದಾಗ ದೊಡ್ಡಮ್ಮ ಮೈಕು ಎತ್ತಿಕೊಂಡಳು. ಗುಂಡಿ ಒತ್ತಿದಳು. ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಏನೋ ಹೇಳಿದಳು. ನಾನು ಬಾಗಿಲಲ್ಲಿ ನಿಂತಿದ್ದೆ, ನನಗೇ ಅರ್ಥವಾಗಲಿಲ್ಲ. ರೇಡಿಯೋದಲ್ಲಿ ಸೆಕ್ರೆಟರಿಯ ದನಿ ಬಂತು: "ಯಾರೋ ಸುಮ್ನೆ ಗುಂಡಿ ಒತ್ತಿ ಆಟ ಆಡ್ತಿದಾರೆ. ಇರ್ಲಿ, ಮುಂದಕ್ಕೆ ಹೋಗೋಣ."

ಮುಂದಕ್ಕೆ ಹೋಗೋಣ! ಊರಿಗೆಲ್ಲ ಕಾದವಳಿಗೆ ಯಾರೂ ಕಾಯಲಿಲ್ಲ. ದೊಡ್ಡಮ್ಮ ಮೈಕನ್ನು ಕೊಕ್ಕೆಗೆ ಸಿಕ್ಕಿಸಿ, ರೇಡಿಯೋ ಆರಿಸಿ, ಕೆಳಗೆ ಬಂದು ಪಾತ್ರೆ ತೊಳೆಯುವುದಕ್ಕೆ ನಿಂತಳು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಇದಾದ ಮೇಲೆ ಸಂಘದವರಿಗೆ ಕರುಣೆ ಉಕ್ಕಿತು. ಕಂಪ್ಯೂಟರಿನ ದನಿಯಲ್ಲಿ ಓದಿಸೋಣ ಎಂದು ಒಬ್ಬರು ಫೋನಿನಲ್ಲಿ ಕೇಳಿಸಿದರು. ಯಾವುದೋ ಎಳೆ ಹೆಂಗಸು ಮೂಗಿನಲ್ಲಿ ಮಾತಾಡಿದ ಹಾಗಿತ್ತು. ದೊಡ್ಡಮ್ಮ ಸ್ಲೇಟಿನಲ್ಲಿ "ಇವಳು ಯಾರು?" ಎಂದು ಬರೆದಳು. ಅದು ಅಲ್ಲಿಗೆ ಮುಗಿಯಿತು. ಮೋರ್ಸ್ ಆಗಬಹುದಲ್ಲ, ತಂತಿ ಆಫೀಸಿನವರ ಹಾಗೆ ಕಟ್ಟುಕಡ ಎಂದು ಕುಟ್ಟಿದರೆ ಸಾಕಲ್ಲ ಎಂದರು ಇನ್ನೊಬ್ಬರು. ಮೋರ್ಸನ್ನು ಅವಳು ಪರೀಕ್ಷೆಗೆಂದು ಕಲಿತದ್ದು, ಫಲಿತಾಂಶ ಬರುವಷ್ಟರಲ್ಲಿ ಮರೆತದ್ದು. ದೇವರು ಇಂಥ ಗಂಟಲು ಕೊಟ್ಟಿರುವಾಗ ಕುಟ್ಟುವ ಕೆಲಸ ಯಾಕೆ ಎನ್ನುತ್ತಿದ್ದಳು ಆಗ.

ಕೊನೆಗೆ ಕಂಪ್ಯೂಟರು ಬಂತು. ಅದರ ಮೇಲೆ ಕೆಂಪು ರಿಬ್ಬನ್ನು. ದೊಡ್ಡಮ್ಮನನ್ನು ಅದರ ಮುಂದೆ ಕೂರಿಸಿ, ಸುತ್ತ ಎಂಟು ಗಂಡಸರು ನಿಂತು ಫೋಟೋ. "ದನಿ ಕಳೆದುಕೊಂಡವರಿಗೆ ದನಿಯಾದ ನಮ್ಮ ಸಂಘ" ಎಂದು ಅದರ ಕೆಳಗೆ ಒಕ್ಕಣೆ. ಸೆಕ್ರೆಟರಿ ಹೊರಡುವಾಗ, "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ ಮೇಡಂ" ಎಂದರು. ನನ್ನ ಪಿತ್ತ ನೆತ್ತಿಗೇರಿತು. ಅಷ್ಟು ಬಂಗಾರ ಬೇಕಿದ್ದರೆ ತಾವೇ ಇಟ್ಟುಕೊಳ್ಳಬಾರದಿತ್ತೆ? ಅಟ್ಟ ಹತ್ತಿಸಿ ಏಣಿ ತೆಗೆಯುವುದು ಅಂದರೆ ಇದೇ. ದೊಡ್ಡಮ್ಮ ಮಾತ್ರ ಎಲ್ಲರಿಗೂ ಕೈಮುಗಿದಳು. ಕಾಫಿ ಕೊಡು ಎಂದು ನನಗೆ ಸನ್ನೆ ಮಾಡಿದಳು. ಕೊಟ್ಟೆ, ಸಕ್ಕರೆ ಹಾಕಲಿಲ್ಲ.

ಅವರು ಅದರಲ್ಲಿ ಹಾಕಿಕೊಟ್ಟ ವಿಧಾನವನ್ನು ಹೀಗಳೆಯಬಾರದು. ಅದೂ ಜಾಣತನದ್ದೇ. ಕಿವಿಗೆ ಬೀಳದಷ್ಟು ಕ್ಷೀಣವಾದ ಸದ್ದನ್ನೂ ಕಂಪ್ಯೂಟರು ಹೆಕ್ಕಿ ಓದುತ್ತದೆ. ಎರಡೂ ಕಡೆಯ ಗಡಿಯಾರ ಹೊಂದಿಕೊಂಡಿರಬೇಕು, ಒಂದೆರಡು ಸೆಕೆಂಡು ಆಚೀಚೆಯಾದರೂ ಏನೂ ಓದಲಾಗದು. ಇಲ್ಲಿಂದ ಹದಿನೈದು ಸೆಕೆಂಡು, ಅಲ್ಲಿಂದ ಹದಿನೈದು ಸೆಕೆಂಡು. ಆದರೆ ಅದರಲ್ಲಿ ಹೇಳುವುದೇನು? ನಾನು ಇಂಥವಳು. ನೀನು ಇಷ್ಟು ಜೋರಾಗಿ ಕೇಳಿಸಿದೆ. ಸರಿ, ನಮಸ್ಕಾರ. ಅಷ್ಟೇ! ಅದನ್ನೂ ಕಂಪ್ಯೂಟರೇ ಹೇಳಿಕೊಳ್ಳುತ್ತದೆ. ಕೂತವರು ಒಂದು ಸಲ ಒತ್ತಿದರೆ ಮುಗಿಯಿತು. ಮದುವೆಮನೆಯ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈಮುಗಿದು ಕಳಿಸಿದ ಹಾಗೆ. ಊಟವಿಲ್ಲ, ಹರಟೆಯಿಲ್ಲ.

ಮೊದಮೊದಲು ದೊಡ್ಡಮ್ಮ ದಿನಾ ಮಧ್ಯಾಹ್ನ ಕೂರುತ್ತಿದ್ದಳು. ಸಂತೋಷವಾಗಿದೆಯಾ ಎಂದರೆ ತಲೆಯಾಡಿಸುತ್ತಿದ್ದಳು. ನಾನು ನಂಬಿದ್ದೆ. ಒಂದು ದಿನ ಅವಳಿಗೆ ಮಾತ್ರೆ ಕೊಡಲು ಹೋದವಳು ಹಿಂದೆ ನಿಂತು ಪರದೆ ನೋಡಿದೆ. ಆ ಪ್ರೋಗ್ರಾಮಿನ ಮೂಲೆಯಲ್ಲಿ ಒಂದು ಪುಟ್ಟ ಕಿಂಡಿ ಇದೆ. ಅದರಲ್ಲಿ ನಮಗೆ ತೋಚಿದ್ದನ್ನು ಹೊಡೆದು ಕಳಿಸಬಹುದು, ಆದರೆ ಇಂಗ್ಲಿಷಿನ ಹದಿಮೂರೇ ಅಕ್ಷರ. ಹದಿನಾಲ್ಕನೆಯದಕ್ಕೆ ಜಾಗವಿಲ್ಲ. ದೊಡ್ಡಮ್ಮ ಆ ಕಿಂಡಿಯಲ್ಲಿ ನಮ್ಮ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಇಕ್ಕಟ್ಟಾಗಿ ಕೂರಿಸಿದ್ದಳು: "ಯಾರಾದ್ರು ಇದಿರಾ". ನಡುವಿನ ಜಾಗವೂ ಸೇರಿ ಸರಿಯಾಗಿ ಹದಿಮೂರು. ಅದನ್ನು ಕಳಿಸುತ್ತಿದ್ದಳು, ಹದಿನೈದು ಸೆಕೆಂಡು ಕಾಯುತ್ತಿದ್ದಳು, ಮತ್ತೆ ಕಳಿಸುತ್ತಿದ್ದಳು. ಪ್ರಪಂಚದ ಯಾವುದೋ ಮೂಲೆಯ ಕಂಪ್ಯೂಟರುಗಳು, ನಮ್ಮ ಮಾತಿನ ಗಂಧವೇ ಇಲ್ಲದವು, ತಮ್ಮ ಪಾಡಿಗೆ ತಾವು ನಮಸ್ಕಾರ ಹೇಳಿಕೊಂಡು ಹೋಗುತ್ತಿದ್ದವು.

ನಾನು ಮಾತ್ರೆಯನ್ನು ಮೇಜಿನ ಮೇಲಿಟ್ಟು ಕೆಳಗೆ ಬಂದೆ. ಅಳು ಬರಲಿಲ್ಲ. ಬಂದದ್ದು ಸಿಟ್ಟು, ಕೈಯಲ್ಲಿದ್ದ ಪ್ಲಾಸ್ಟರಿನ ದವಡೆಯನ್ನು ಗೋಡೆಗೆ ಎಸೆಯುವಷ್ಟು. ಎಸೆಯಲಿಲ್ಲ. ಅದು ಬೇಕರಿಯವರ ದವಡೆ, ಅವರು ಆವತ್ತೇ ಸಂಜೆ ಬರುವವರಿದ್ದರು.

ಬೇಕರಿಯವರೂ ಸಂಘದವರೇ, ಫೋಟೋದಲ್ಲಿ ಎಡಗಡೆಯಿಂದ ಮೂರನೆಯವರು. ಕೆಳಗಿನ ಸೆಟ್ಟು ಒತ್ತುತ್ತದೆ ಎಂದು ಬಂದಿದ್ದರು. ಸೆಟ್ಟನ್ನು ಬಿಚ್ಚಿಸಿಕೊಂಡು, ಉಜ್ಜುತ್ತಾ, ಎಲ್ಲವನ್ನೂ ಹೇಳಿದೆ. ಆ ಕಿಂಡಿ, ಆ ಹದಿಮೂರು ಅಕ್ಷರ. ಅವರ ಮುಖ ಸಣ್ಣಗಾಯಿತು.

"ಹಾಗಾದ್ರೆ ಟೈಪ್ ಮಾಡಿದ್ದು ಹಾಗೇ ಹೋಗೋ ವಿಧಾನ ಹಾಕ್ಬೇಕಿತ್ತು," ಎಂದರು ಬೊಚ್ಚು ಬಾಯಲ್ಲಿ. "ಹಳೇದು ಅದು. ಎಷ್ಟುದ್ದ ಬೇಕಾದ್ರೂ ಹೊಡೀಬಹುದು, ಅಕ್ಷರ ಅಕ್ಷರವಾಗಿ ಹೋಗ್ತಾನೇ ಇರತ್ತೆ. ಓದೋರಿಗೆ ಕಂಪ್ಯೂಟರೂ ಬೇಡ. ಫೋನಲ್ಲಿ ಒಂದು ಆ್ಯಪ್ ಹಾಕ್ಕೊಂಡು ರೇಡಿಯೋ ಸ್ಪೀಕರ್ ಪಕ್ಕ ಇಟ್ರೆ ಸಾಕು, ಅದೇ ಕೇಳಿ ಅದೇ ಬರೀತದೆ. ಅವರು ಟೈಪ್ ಮಾಡ್ಲಿ, ನಾವು ಬಾಯಲ್ಲೇ ಉತ್ತರ ಕೊಡ್ತೀವಿ. ಅವರ ಕಿವಿ ನೆಟ್ಟಗಿದೆಯಲ್ಲ."

"ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಅವತ್ತು ಫೋಟೋಗೆ ನಿಂತಾಗ ಹೇಳೋಕೇನಾಗಿತ್ತು?"

"ಸೆಕ್ರೆಟರಿ ಎಲ್ಲಾ ನಾನು ನೋಡ್ಕೋತೀನಿ ಅಂದ್ರು. ನಾನ್ಯಾಕೆ ಮಧ್ಯೆ ಬಾಯಿ ಹಾಕ್ಲಿ ಅಂತ..."

"ಬಾಯಿ ಹಾಕೋಕೆ ಈಗ ಹಲ್ಲೂ ಇಲ್ಲ ನಿಮಗೆ," ಎಂದು ಸೆಟ್ಟನ್ನು ನನ್ನ ಕಡೆ ಎಳೆದುಕೊಂಡೆ. "ಭಾನುವಾರದೊಳಗೆ ಸಭೆಯವರಿಗೆಲ್ಲ ಫೋನ್ ಮಾಡಿ ಆ ಆ್ಯಪ್ ಹಾಕಿಸ್ತೀನಿ ಅನ್ನಿ. ಆಮೇಲೆ ಕೊಡ್ತೀನಿ."

ಅವರು ನಕ್ಕರು. ನಾನು ನಗಲಿಲ್ಲ. ಕೊನೆಗೆ ಅವರು ನನ್ನ ಮುಂದೆಯೇ ಡ್ರಾಯಿಂಗ್ ಮೇಷ್ಟ್ರಿಗೆ ಫೋನ್ ಮಾಡಿದರು. ಹಲ್ಲಿಲ್ಲದ ಮಾತು ಮೇಷ್ಟ್ರಿಗೆ ಅರ್ಥವಾಗದೆ ನಾನೇ ಹೇಳಬೇಕಾಯಿತು. ಸೆಟ್ಟು ವಾಪಸು ಕೊಟ್ಟೆ.

ದೊಡ್ಡಮ್ಮನಿಗೆ ವಿಷಯ ಹೇಳಿದಾಗ ಅವಳು ಸ್ಲೇಟು ಒರೆಸಿಕೊಂಡಳು. ಆಮೇಲೆ ಬರೆದಳು: "ಮತ್ತೆ ಯಾರೂ ಕಾಯದಿದ್ದರೆ?" "ಕಾಯದಿದ್ರೆ ಒಬ್ಬೊಬ್ಬರ ಮನೆಗೂ ಹೋಗಿ ಉಗಿದು ಬರ್ತೀನಿ" ಎಂದೆ. ಅವಳು ಬಳಪ ಕೆಳಗಿಟ್ಟು ಕುರ್ಚಿ ಎಳೆದುಕೊಂಡಳು.

ಆ ವಾರವೆಲ್ಲ ನಮ್ಮದು ಅದೇ ಕೆಲಸ. ನನಗೆ ರೇಡಿಯೋ ತಿಳಿಯದು, ಅವಳಿಗೆ ಕಂಪ್ಯೂಟರಿನ ಮೇಲೆ ನಂಬಿಕೆಯಿಲ್ಲ. ಬರೆದ ಅಕ್ಷರವನ್ನು ಕಂಪ್ಯೂಟರು ಒಂದು ಸಣ್ಣ ಸಿಳ್ಳೆಯ ಸದ್ದಾಗಿ ಮಾಡುತ್ತದೆ. ಆ ಸದ್ದು ಕೇಬಲ್ಲಿನಲ್ಲಿ ರೇಡಿಯೋಗೆ ಹೋಗಬೇಕು, ರೇಡಿಯೋದ ಸದ್ದು ಅದೇ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಬರಬೇಕು. ನಾನು ಮೊದಲ ಸಲ ತಪ್ಪು ಸ್ಪೀಕರು ಆರಿಸಿದ್ದರಿಂದ ಸಿಳ್ಳೆಯೆಲ್ಲ ಕೋಣೆಯಲ್ಲೇ ಮೊಳಗಿತು, ಪಕ್ಕದ ಮನೆಯ ನಾಯಿ ಬೊಗಳಿತು. ಸರಿಮಾಡಿದ ಮೇಲೆ ಸದ್ದಿನ ಮಟ್ಟ. ಸದ್ದು ಹೆಚ್ಚಾದಾಗ ಏಳುವ ರೇಡಿಯೋದ ಮುಳ್ಳು ಅಲುಗಬಾರದಂತೆ. ನಾನು ಇಳಿಸಿದಷ್ಟೂ ದೊಡ್ಡಮ್ಮ ಸ್ಲೇಟಿನ ಮೇಲೆ "ಕಡಿಮೆ" ಎಂಬ ಪದಕ್ಕೆ ಬಳಪದಿಂದ ಕುಟ್ಟುತ್ತಿದ್ದಳು. ಕೊನೆಗೆ ಬರೆದಳು: "ಕಿರುಚಿದರೆ ಅಕ್ಷರ ಕೆಡುತ್ತದೆ. ಅಕ್ಕಪಕ್ಕದವರಿಗೂ ತೊಂದರೆ." ರೇಡಿಯೋಗೆ ಹೇಳಿದ್ದೋ ನನಗೆ ಹೇಳಿದ್ದೋ, ಕೇಳಲು ಹೋಗಲಿಲ್ಲ.

ಒಂದನ್ನು ಮಾತ್ರ ನಾವು ಬದಲಾಯಿಸಲಿಲ್ಲ. ಸಂಘದವರು ರೇಡಿಯೋವನ್ನು ಹೇಗೆ ಇಟ್ಟಿದ್ದರೆಂದರೆ, ಕಂಪ್ಯೂಟರಿನಿಂದ ಯಾವ ಸದ್ದು ಬಂದರೂ ಅದು ತಾನಾಗಿಯೇ ಪ್ರಸಾರ ಶುರುಮಾಡುತ್ತಿತ್ತು, ಕೆಂಪು ದೀಪ ಹೊತ್ತುತ್ತಿತ್ತು. ಸುಲಭದ ದಾರಿ. ದೊಡ್ಡಮ್ಮನಿಗೆ ಇದು ಮೊದಲಿನಿಂದಲೂ ಆಗದು. ಬಾಯಿ ತೆರೆಯುವ ಅಧಿಕಾರವನ್ನು ರೇಡಿಯೋಗೆ ಕೊಡಬಾರದು ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದಳು. ಅದನ್ನು ತೆಗೆಯಲು ನನಗೆ ಬರಲಿಲ್ಲ. ಭಾನುವಾರ ಕಳೆಯಲಿ ಎಂದೆ.

ಇನ್ನೊಂದು ಎಡವಟ್ಟು ನನ್ನದೇ. ಭಾನುವಾರ ಬೆಳಿಗ್ಗೆ, ಕಂಪ್ಯೂಟರಿಗೆ ಕಿವಿ ಕೇಳಿಸುತ್ತದೋ ಇಲ್ಲವೋ ನೋಡೋಣವೆಂದು ಅದರೊಳಗಿನ ಮೈಕಿನ ಸೆಟ್ಟಿಂಗಿನಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದೆ. ಮೈಕಿಗೆ ಬಿದ್ದ ಸದ್ದನ್ನು ಹಾಗೇ ಹೊರಗೆ ಕಳಿಸುವ ಚೌಕ ಅದು. ಏನೂ ಕೇಳಿಸಲಿಲ್ಲ. ಕೇಳಿಸುವುದೆಲ್ಲಿಂದ, ಹೊರಗೆ ಅಂದರೆ ಈಗ ಸ್ಪೀಕರಲ್ಲ, ರೇಡಿಯೋ. ನಾನು ಅದನ್ನು ಯೋಚಿಸುವಷ್ಟರಲ್ಲಿ ಕೆಳಗೆ ಬಾಗಿಲು ಬಡಿದ ಸದ್ದಾಯಿತು. ಗುರುತು ಹಾಗೇ ಉಳಿಯಿತು.

ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ? ವಿಷಯ ಸೆಕ್ರೆಟರಿಯ ಕಿವಿಗೂ ಬಿದ್ದಿತ್ತು. ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತಾ, ದೊಡ್ಡಮ್ಮನಿಗೆ ನಮಸ್ಕಾರ ಮಾಡಿದರು. ದೊಡ್ಡಮ್ಮ ಆಗಲೇ ಹೆಡ್‌ಫೋನು ಹಾಕಿಕೊಂಡು, ರೇಡಿಯೋವನ್ನು ಸಭೆಯ ಜಾಗಕ್ಕೆ, ಅಂದರೆ ಎಲ್ಲರೂ ಮಾತಾಡುವ ತರಂಗಾಂತರಕ್ಕೆ, ತಿರುಗಿಸಿ ಕೂತಿದ್ದಳು. ಸಭೆಯವರು ಒಬ್ಬೊಬ್ಬರಾಗಿ ಸೇರುವ ಹೊತ್ತು.

"ಏನಮ್ಮ ಇದು," ಎಂದರು ನನಗೆ. "ಒಂದು ಮಾತು ಕೇಳಬೇಡವಾ? ನಾವು ಅಷ್ಟು ಕಷ್ಟಪಟ್ಟು ಹಾಕಿಕೊಟ್ಟಿದ್ದನ್ನ ಕಿತ್ತು ಹಾಕಿದೀರಂತೆ?"

"ಕಿತ್ತಿಲ್ಲ. ಅದು ಅಲ್ಲೇ ಇದೆ. ಪಕ್ಕದಲ್ಲಿ ಮಾತಾಡೋಂಥದ್ದು ಒಂದು ಹಾಕಿದೀವಿ. ಇವತ್ತಿನ ಸಭೆ ದೊಡ್ಡಮ್ಮ ನಡೆಸ್ತಾಳೆ."

"ಮಾತಿನ ಜಾಗದಲ್ಲಿ ಅಕ್ಷರ ಕಳಿಸೋ ಹಾಗಿಲ್ಲ. ನಿಯಮ ಅಂತ ಒಂದಿದೆ."

"ಅಕ್ಷರದ ಜಾಗದಲ್ಲಿ ಅಕ್ಷರ ಕಳಿಸ್ತಾಳೆ, ಮಾತಿನ ಜಾಗದಲ್ಲಿ ನಿಮ್ಮ ಮಾತು ಕೇಳ್ತಾಳೆ. ಒಂದು ಕಡೆ ಕಳಿಸಿ ಇನ್ನೊಂದು ಕಡೆ ಕೇಳೋ ಗುಂಡಿ ರೇಡಿಯೋದಲ್ಲೇ ಇದೆ. ನಿಯಮ ನಿಮಗೆ ಕಲಿಸಿದೋಳೇ ಅವಳು."

ಸೆಕ್ರೆಟರಿ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಪಕ್ಕದಲ್ಲೇ ಕೂತರು. ದನಿ ತಗ್ಗಿಸಿದರು, ಹೆಡ್‌ಫೋನು ಹಾಕಿದ್ದರಿಂದ ದೊಡ್ಡಮ್ಮನಿಗೆ ಕೇಳಿಸುವುದಿಲ್ಲ ಎಂದುಕೊಂಡರೋ ಏನೋ. "ನೋಡಮ್ಮ, ನೀವು ಭಾವನೆಯಲ್ಲಿ ಹೇಳ್ತಿದೀರಿ. ಸಭೆ ನಡೆಸೋದು ಅಂದ್ರೆ ತಲೆನೋವು. ಬೇಕರಿಯವರು ಬನ್ನಿನ ಕತೆ ಶುರುಮಾಡಿದ್ರೆ ಒಲೆ ಆರಿದ್ರೂ ನಿಲ್ಲಿಸಲ್ಲ. ಆ ಮೇಷ್ಟ್ರು ಅರ್ಧ ನಿದ್ದೇಲಿರ್ತಾರೆ, ಅವರ ಸರದಿ ಬಂದಾಗ ಎಬ್ಬಿಸಬೇಕು. ಮಿಕ್ಕವರಂತೂ ಬಿಡಿ, ಮಂದೆ. ಇದನ್ನೆಲ್ಲ ಇವರು ಟೈಪ್ ಮಾಡ್ಕೊಂಡು ಸಂಭಾಳಿಸ್ತಾರಾ?"

ಆಗ ದೊಡ್ಡಮ್ಮ ಒಂದು ಕೆಲಸ ಮಾಡಿದಳು. ಕಂಪ್ಯೂಟರನ್ನು ನಿಧಾನವಾಗಿ ಒಂದು ಗೇಣು ಸೆಕ್ರೆಟರಿಯ ಕಡೆ ಸರಿಸಿದಳು. ಜಾಗ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ ನಾನು. ನನಗೆ ಸಿಟ್ಟಿನಲ್ಲಿ ಕಣ್ಣು ಕಾಣುತ್ತಿರಲಿಲ್ಲ.

"ಇಷ್ಟು ವರ್ಷ ಸಂಭಾಳಿಸಿದ್ದು ಯಾರು?" ಎಂದೆ. "ನೀವು ಹೆಸರು ಹೇಳೋಕೇ ತಡವರಿಸಿದಾಗ ಕಾದಿದ್ದು ಯಾರು? ಅವಳಿಗೆ ದನಿ ಹೋದ ತಕ್ಷಣ ಒಂದು ಪೆಟ್ಟಿಗೆ ತಂದಿಟ್ಟು, ರಿಬ್ಬನ್ ಕಟ್ಟಿ, ಫೋಟೋ ತೆಗೆದು, ಹದಿಮೂರು ಅಕ್ಷರ ಕೊಟ್ಟು ಹೋದ್ರಿ. ಹದಿಮೂರು! ನಿಮ್ಮ ಹೆಂಡತಿ ಜೊತೆ ಒಂದು ದಿನ ಹದಿಮೂರು ಅಕ್ಷರದಲ್ಲಿ ಸಂಸಾರ ಮಾಡಿ ತೋರಿಸಿ ನೋಡೋಣ."

"ಮರ್ಯಾದೆ ಕೊಟ್ಟು ಮಾತಾಡಿ."

"ಮರ್ಯಾದೆ! ಅವತ್ತು ಅವಳು ಮೈಕ್ ಎತ್ತಿದಾಗ ಯಾರೋ ಒಬ್ಬರು ಅವಳನ್ನ ದಾಟಿಕೊಂಡು ಹೋದರಲ್ಲ, ಆ ಮರ್ಯಾದೆನಾ?"

"ನಾನೇನು ಬೇಕು ಅಂತ ದಾಟಲಿಲ್ಲ," ಎಂದರು ಸೆಕ್ರೆಟರಿ ಥಟ್ಟನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವುದು ಇದಕ್ಕೇ. ನಾನು ಹೆಸರನ್ನೇ ಎತ್ತಿರಲಿಲ್ಲ. ಅಲ್ಲಿಯವರೆಗೂ, ಪಾಪ, ಆ ಉಸಿರು ಯಾರದೆಂದು ಅವರಿಗೆ ತಿಳಿದಿರಲಿಲ್ಲವೇನೋ ಎಂಬ ಒಂದು ಸಂದೇಹ ನನ್ನಲ್ಲೂ ಇತ್ತು.

"ಅಂದ್ರೆ ಅದು ದೊಡ್ಡಮ್ಮ ಅಂತ ನಿಮಗೆ ಗೊತ್ತಿತ್ತು," ಎಂದೆ.

ಅವರು ನೆಲ ನೋಡಿದರು. "ಗೊತ್ತಿತ್ತು. ಎಷ್ಟೋ ವರ್ಷದಿಂದ ಕೇಳ್ತಿದೀನಿ, ಅವರು ಗುಂಡಿ ಒತ್ತೋ ರೀತಿಯಲ್ಲೇ ಗೊತ್ತಾಗತ್ತೆ. ಏನ್ ಮಾಡ್ಲಿ ಹೇಳಿ? ಎಲ್ರೂ ಕೇಳ್ತಿದಾರೆ. ಆ ದನಿ ಇದ್ದ ಜಾಗದಲ್ಲಿ ಬರೀ ಗಾಳಿ. ನನ್ನ ಕೈಲಿ ಕೇಳೋಕಾಗ್ಲಿಲ್ಲ. ಬಾಯಿಗೆ ಬಂದಿದ್ದು ಹೇಳಿ ಮುಂದಕ್ಕೆ ಹೋದೆ. ಆಮೇಲೆ ಹೇಗೂ ಅವರು ಬರಲ್ಲ, ದನಿಯಿಲ್ಲದೋರನ್ನ ಯಾರು ಕೂತು ಕಾಯ್ತಾರೆ ಅಂದ್ಕೊಂಡೆ."

ನನ್ನ ಬಾಯಲ್ಲಿ ಬೈಗುಳಗಳು ಸಾಲುಗಟ್ಟಿ ನಿಂತಿದ್ದವು. ಆದರೆ ಅಷ್ಟರಲ್ಲಿ ದೊಡ್ಡಮ್ಮ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ರೇಡಿಯೋದ ಕೆಂಪು ದೀಪ ಹೊತ್ತಿದ್ದು ಆಗ ನನಗೆ ಕಾಣಿಸಿತು. ನಾವು ಮಾತು ನಿಲ್ಲಿಸಿದ ಕೂಡಲೇ ಅದು ಆರಿತು. ದೊಡ್ಡಮ್ಮ ಕೈ ಚಾಚಿ ಚೌಕದ ಗುರುತನ್ನು ತಾನೇ ತೆಗೆದಳು, ಆಮೇಲೆ ಹೆಡ್‌ಫೋನಿನ ಪಿನ್ನನ್ನು ರೇಡಿಯೋದಿಂದ ಎಳೆದಳು. ಸ್ಪೀಕರಿನಲ್ಲಿ ಬೇಕರಿಯವರ ದನಿ ಕೋಣೆ ತುಂಬಿತು.

"...ಎಲ್ಲಾ ಕೇಳಿಸ್ತು ಸೆಕ್ರೆಟರಿಯವರೇ. ಒಂದಕ್ಷರ ಬಿಡದೆ. ಬನ್ನಿನ ಕತೆನೂ ಕೇಳಿಸ್ತು."

"ನಾನು ಎದ್ದೇ ಇದೀನಿ," ಎಂದರು ಡ್ರಾಯಿಂಗ್ ಮೇಷ್ಟ್ರು. "ಮೇಡಂ, ಅವತ್ತು ನಂಗೂ ಅನುಮಾನ ಬಂದಿತ್ತು. ನಾನೂ ಸುಮ್ಮನಿದ್ದೆ."

ಅನುಮಾನ ಬಂದಿತ್ತಂತೆ! ಸೆಕ್ರೆಟರಿಯ ಮೇಲೆ ಮಾತ್ರ ಇದ್ದ ನನ್ನ ಸಿಟ್ಟು ಆಗ ಸಭೆ ಕೇಳುವ ನಲವತ್ತು ಮನೆಗಳಿಗೂ ಹರಡಿಕೊಂಡಿತು. ಯಾರು ಯಾರಿಗೆ ಅನುಮಾನ ಬಂದಿತ್ತು? ಎಷ್ಟು ಜನ ಬಾಯಿಗೆ ಬೀಗ ಹಾಕಿಕೊಂಡು ಪಾತ್ರೆ ತೊಳೆಯಲು ಹೋಗಿದ್ದರು? ಕೇಳಲು ಬಾಯಿ ತೆರೆದೆ. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು. ಅವಳ ಬೆರಳು ಬಿಸಿಯಾಗಿದ್ದವು. ಕೆಂಪು ದೀಪವನ್ನು ಅವಳು ಮೊದಲಿನಿಂದಲೂ ನೋಡುತ್ತಿದ್ದಳು. ನಮ್ಮ ಮಾತಿನ ನಡುನಡುವೆ ದೀಪ ಆರಿದಾಗಲೆಲ್ಲ ಬೇಕರಿಯವರು "ಮೇಡಂ, ಎಲ್ಲಾ ಇಲ್ಲಿ ಬರ್ತಿದೆ" ಎಂದು ಹೇಳಿದ್ದೂ ಅವಳ ಕಿವಿಯಲ್ಲೇ. ಗುಂಡಿ ಬಿಡಲು ಮರೆತವರಿಗೆಲ್ಲ ಜೀವಮಾನವಿಡೀ ಛೀಮಾರಿ ಹಾಕಿದವಳು ಆವತ್ತು ಸುಮ್ಮನೆ ಕೂತಿದ್ದಳು.

ಅವಳು ರೇಡಿಯೋವನ್ನು ಅಕ್ಷರದ ಜಾಗಕ್ಕೆ ತಿರುಗಿಸಿ ಕೀಬೋರ್ಡು ಎಳೆದುಕೊಂಡಳು. ಎಕ್ಸ್‌ಚೇಂಜಿನಲ್ಲಿ ಟೈಪಿಂಗೂ ಕಲಿತಿದ್ದವಳು, ಕೈ ನೋಡದೆ ಹೊಡೆಯುತ್ತಾಳೆ. ಸಣ್ಣ ಸಿಳ್ಳೆ ಕೇಬಲ್ಲು ಹಿಡಿದು ಹೊರಟಿತು, ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಹೋದವು.

"ಎಲ್ಲರಿಗೂ ನಮಸ್ಕಾರ. ಲೈಸೆನ್ಸ್ ಇಲ್ಲದ ನನ್ನ ತಂಗಿಯ ಮಗಳು ನನ್ನ ಸ್ಟೇಷನ್ನಿನಿಂದ ಬೇಕಾದಷ್ಟು ಮಾತಾಡಿದ್ದಾಳೆ. ಅದಕ್ಕೆ ಕ್ಷಮೆ ಇರಲಿ. ಆಡಿದ ಮಾತಿಗೆ ಕ್ಷಮೆ ಕೇಳುವುದಿಲ್ಲ. ಸಭೆ ಶುರುಮಾಡೋಣ. ಮೇಷ್ಟ್ರೇ, ನಿಮ್ಮಿಂದ. ಓದಲು ಆಗುತ್ತಿದೆಯಾ?"

ಸ್ಪೀಕರಿನಲ್ಲಿ ಬರೀ ಸೊಂಯ್ ಎನ್ನುವ ಸದ್ದು. ದೊಡ್ಡಮ್ಮನ ಕೈ ನನ್ನ ಮಣಿಕಟ್ಟಿಗೆ ಮತ್ತೆ ಬಂತು. ಆಮೇಲೆ ಮೇಷ್ಟ್ರು: "ಕನ್ನಡಕ ಹುಡುಕ್ತಿದ್ದೆ ಮೇಡಂ. ಓದಿದೆ. ಪೂರ್ತಿ ಓದಿದೆ."

ಒಬ್ಬೊಬ್ಬರನ್ನೇ ಕರೆದಳು. ಅವಳು ಹೊಡೆದು ಮುಗಿಸುವುದು, ಅವರು ಓದುವುದು, ಬಾಯಲ್ಲಿ ಉತ್ತರ ಕೊಡುವುದು. ಮೊದಲಿಗಿಂತ ಎಷ್ಟೋ ನಿಧಾನ. ಒಬ್ಬರ ಫೋನು ಅರ್ಧದಲ್ಲಿ ಸತ್ತು, ಚಾರ್ಜಿಗೆ ಹಾಕಿ ಬರುವವರೆಗೂ ಎಲ್ಲರೂ ಕಾದರು. ಕೆಲವರು ಸರದಿ ಬಂದರೂ ಉತ್ತರಿಸಲಿಲ್ಲ. ನಾಚಿಕೆಯೋ, ಆ್ಯಪ್ ಇಲ್ಲವೋ, ಸೆಕ್ರೆಟರಿಯ ಕಡೆಯವರೋ, ನನಗೆ ಗೊತ್ತಿಲ್ಲ. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಬೇಕರಿಯವರು ಬನ್ನಿನ ಕತೆಯನ್ನು ಬೇಕೆಂದೇ ಉದ್ದ ಎಳೆದರು.

ಸೆಕ್ರೆಟರಿ ಎದ್ದು ಬಾಗಿಲ ಹತ್ತಿರ ಹೋಗಿದ್ದರು. ಹೋಗಲೂ ಆಗದೆ ಇರಲೂ ಆಗದೆ ನಿಂತಿದ್ದರು. ಕೊನೆಯ ಸರದಿ ಅವರದೇ. ದೊಡ್ಡಮ್ಮ ಲೈಸೆನ್ಸಿನಲ್ಲಿ ಅವರಿಗೆ ಕೊಟ್ಟ ಕರೆ ಹೆಸರನ್ನು ಹೊಡೆದಳು. ರೇಡಿಯೋವನ್ನು ಮಾತಿಗೆ ಬದಲಾಯಿಸಿದಳು. ಮೇಜಿನ ಅಂಚಿನಿಂದ ಗುಳಿಬಿದ್ದ ಗುಂಡಿಯ ಆ ಮೈಕನ್ನು ತೆಗೆದು, ತಂತಿ ಹೋಗುವಷ್ಟು ದೂರ ಕೈ ಚಾಚಿ ಹಿಡಿದಳು.

ಅವರು ಬಂದು ತೆಗೆದುಕೊಂಡರು. ಗುಂಡಿ ಒತ್ತಿದರು. ಕೆಂಪು ದೀಪ ಹೊತ್ತಿತು. ಬಾಯಿ ತೆರೆದರು, ಮುಚ್ಚಿದರು. ಉಗುಳು ನುಂಗಿದರು. ನಲವತ್ತು ಮನೆಗಳಲ್ಲಿ ಅವರ ಉಸಿರು ಮಾತ್ರ ಕೇಳಿಸುತ್ತಿತ್ತು. ಅವರ ಹೆಬ್ಬೆರಳು ಆ ಗುಳಿಯಲ್ಲಿ ಸರಿಯಾಗಿ ಕೂರದೆ ಜಾರಿತು, ದೀಪ ಆರಿತು.

ನಾನು ಕುರ್ಚಿಯಿಂದ ಅರ್ಧ ಎದ್ದೆ. ಮುಂದಕ್ಕೆ ಹೋಗೋಣ ಎಂದು ಹೇಳಿಬಿಡಬೇಕು, ಅವರದೇ ಮಾತನ್ನು ಅವರ ಮುಖಕ್ಕೇ ಹೊಡೆಯಬೇಕು ಎಂದು ನನ್ನ ನಾಲಿಗೆ ತುರಿಸುತ್ತಿತ್ತು. ದೊಡ್ಡಮ್ಮ ನನ್ನ ಕಡೆ ನೋಡಲೇ ಇಲ್ಲ. ರೇಡಿಯೋವನ್ನು ಮತ್ತೆ ಅಕ್ಷರಕ್ಕೆ ತಿರುಗಿಸಿ, ಎರಡು ಕೈಯಲ್ಲೂ ಹೊಡೆದಳು:

"ಅವಸರ ಇಲ್ಲ. ಕಾಯ್ತೀವಿ."